ನಾನು ಚೊಕ್ಕಟ ಮಾಡಿದ ಮದುವೆ

ನನ್ನ ನಾದಿನಿಯ ಮದುವೆಯ ಫೋಟೋಗಳನ್ನು ನಾನೇ ತೆಗೆಯುತ್ತೇನೆ, ತೆಗೆದು ನಾನೇ ತಿದ್ದುತ್ತೇನೆ, ತಿದ್ದಿದ ಮೇಲೆ ಅದರಲ್ಲಿ ಒಂದೇ ಒಂದು ಧೂಳಿನ ಕಣ ತೋರಿಸಿದವರಿಗೆ ನನ್ನ ಕ್ಯಾಮೆರಾವನ್ನೇ ಬಹುಮಾನವಾಗಿ ಕೊಡುತ್ತೇನೆ! ಹೀಗೆಂದು ನಾನು ಘೋಷಿಸಿದ್ದು ಶಹಾಪುರದ ನಮ್ಮ ಮನೆಯ ಅಡುಗೆಮನೆಯಲ್ಲಿ. ಸಭಿಕರ ಸಂಖ್ಯೆ ಒಂದು. ಆ ಒಬ್ಬಳು ನನ್ನ ಹೆಂಡತಿ ಬಸವೇಶ್ವರಿ. ಘೋಷಣೆ ಶುರುವಾದಾಗ ರೊಟ್ಟಿ ಬಡಿಯುತ್ತಿದ್ದಳು, ಮುಗಿದ ಮೇಲೂ ಬಡಿಯುತ್ತಲೇ ಇದ್ದಳು.

ಹಾಗೆಂದು ನನ್ನನ್ನು ಬರೀ ಬಡಾಯಿಗಾರನೆಂದು ತಿಳಿಯಬೇಡಿ. ಬಡಾಯಿಗೆ ಆಧಾರವಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ವರ್ಷದ ಹಿಂದೆ ಕ್ಯಾಮೆರಾ ಕೊಂಡು ನಮ್ಮೂರಿನ ಮಲಗಿದ ಬುದ್ಧನ ಗುಡ್ಡವನ್ನು ನಲವತ್ತು ಸಲ ತೆಗೆದಿದ್ದೆ. ಬುದ್ಧ ಅಲ್ಲಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ‘ನಾ ಕರ್‍ರಗ ಬಂದೀನಿ, ಇನ್ನೊಂದು ತಗೀರಿ’ ಎಂದು ತಕರಾರು ಮಾಡುವುದಿಲ್ಲ. ಹೀಗಾಗಿ ನಲವತ್ತೂ ಚೆನ್ನಾಗಿ ಬಂದಿದ್ದವು. ಸ್ಟಾಫ್ ರೂಮಿನಲ್ಲಿ ನನ್ನನ್ನು ಹೊಗಳಿದರು. ಅದೂ ಅಲ್ಲದೆ ನಾನು ‘ರಾ’ ಫೈಲಿನಲ್ಲಿ ತೆಗೆಯುವವನು. ರಾ ಅಂದರೇನು ಎಂದು ಯಾರಾದರೂ ಕೇಳಿದರೆ, ಅದು ದೊಡ್ಡ ವಿಷಯ ಎಂದು ಹೇಳಿ ಕ್ಯಾಮೆರಾದ ಮುಚ್ಚಳ ಹಾಕುತ್ತಿದ್ದೆ. ನಿಜ ಹೇಳಬೇಕೆಂದರೆ ಅದು ನನಗೂ ಅಷ್ಟೇ ದೊಡ್ಡ ವಿಷಯವಾಗಿತ್ತು.

ಮೇಲಾಗಿ ನನ್ನದು ಹುಟ್ಟು ಚೊಕ್ಕಟ ಸ್ವಭಾವ. ಉತ್ತರಪತ್ರಿಕೆಯಲ್ಲಿ ಚಿತ್ತು ಕಂಡರೆ, ಲೆಕ್ಕ ಸರಿಯಿದ್ದರೂ ನನಗೆ ಬೆವರು ಬರುತ್ತದೆ. ಸ್ಕೂಟರಿನ ಕನ್ನಡಿಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಒರೆಸುತ್ತೇನೆ. ಇಂಥವನ ಕೈಗೆ ಮದುವೆಯ ಫೋಟೋ ಬಿದ್ದರೆ ಮದುವೆಯ ಪುಣ್ಯ!

ಮಾವನವರ ಮನಸ್ಸಿನಲ್ಲಿ ಮಸ್ತಾನಸಾಬರಿದ್ದರು. ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟುಡಿಯೊ ಇಟ್ಟುಕೊಂಡು ಮೂವತ್ತು ವರ್ಷದಿಂದ ಸುತ್ತಲಿನ ಹಳ್ಳಿಗಳ ಮದುವೆಗಳನ್ನೆಲ್ಲ ತೆಗೆದವರು. ನಾನು ಅವರ ಸ್ಟುಡಿಯೊಗೆ ಖುದ್ದಾಗಿ ಹೋಗಿ, ಈ ಸಲ ತಾವು ಊಟಕ್ಕಷ್ಟೇ ಬಂದರೆ ಸಾಕೆಂದು ದೊಡ್ಡ ಮನಸ್ಸಿನಿಂದ ತಿಳಿಸಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

“ಆತು ಬಿಡ್ರಿ ಸರ್. ಆದ್ರ ಮದಿವಿ ಇಟ್ಟಿರೋ ಸುರಪುರದ ಆ ಮಂಟಪದಾಗ ಬೆಳಕ ಭಾಳ ಕಡಿಮಿ ಅದ. ಒಂದೆರಡು ಲೈಟ್ ಒಯ್ರಿ, ಇಲ್ಲಂದ್ರ ಫ್ಲ್ಯಾಶರ ಹಚ್ಚ್ರಿ.”

ಫ್ಲ್ಯಾಶ್ ಹಚ್ಚುವುದು ಕಲೆ ಬಾರದವರ ಕೆಲಸ ಎಂದು ನಾನು ಉತ್ತರಿಸಿದೆ. ಮೂವತ್ತು ವರ್ಷ ಫ್ಲ್ಯಾಶ್ ಹಚ್ಚಿದ ಆ ಮನುಷ್ಯ ಹೌದ್ರಿ ಎಂದು ನಕ್ಕು ಚಹಾ ತರಿಸಿದರು.

ಈಗ ಆಯಿಯ ವಿಷಯ ಹೇಳಬೇಕು. ಗೊಲ್ಲಾಳಮ್ಮ ಎಂಬ ಈ ಆಯಿ ನನ್ನ ಹೆಂಡತಿಯ ಅಜ್ಜಿ, ಮಾವನವರ ಊರಾದ ಗೋಗಿಯವರು. ಅಳಿಯನಾದರೂ ನನ್ನನ್ನು ‘ತಮ್ಮಾ’ ಎಂದು ಏಕವಚನದಲ್ಲೇ ಕರೆಯುತ್ತಾರೆ. ಇಪ್ಪತ್ತೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಅಂದಿನಿಂದ ಮನೆತನದ ಪ್ರತಿ ಮದುವೆಗೂ ಅಕ್ಕಿಗೆ ಅರಿಷಿಣ ಹಚ್ಚುವವರು ಅವರೇ, ತಟ್ಟೆ ತುಂಬುವವರು ಅವರೇ. ತಾಳಿ ಕಟ್ಟುವ ಹೊತ್ತಿಗೆ ಎಲ್ಲರೂ ಆ ಕಾಳನ್ನು ವಧೂವರರ ತಲೆಯ ಮೇಲೆ ಒಗೆಯುವಾಗ ಮಾತ್ರ ಆಯಿ ಕಂಬದ ಹಿಂದೆ ನಿಂತಿರುತ್ತಿದ್ದರು. ಹಿಂದೆ ಹೋಗಿ ನಿಲ್ಲು ಎಂದು ಯಾರೂ ಹೇಳುತ್ತಿರಲಿಲ್ಲ. ಮುಂದೆ ಬಾ ಎಂದೂ ಯಾರೂ ಕರೆಯುತ್ತಿರಲಿಲ್ಲ. ಸ್ವಂತ ಮಕ್ಕಳ ಮದುವೆಗಳು ಹಾಗೇ ಮುಗಿದು ಹೋಗಿದ್ದವು.

ಈ ಸಲ ನಾದಿನಿ ಪರಿಮಳಾ ಪಟ್ಟು ಹಿಡಿದಳು. “ಮೊದಲ ಕಾಳು ಆಯಿನ ಹಾಕಬೇಕು. ಅಕಿ ಹಾಕೋತನ ನಾ ತಾಳಿ ಕಟ್ಟಿಸ್ಕೊಳ್ಳಂಗಿಲ್ಲ.”

ವರ ಬಸವಲಿಂಗ ಸುರಪುರದಲ್ಲಿ ಕಿರಾಣಿ ಅಂಗಡಿ ಇಟ್ಟವನು, ಒಳ್ಳೆಯ ಹುಡುಗ. ಆಗಲಿ ಎಂದ. ಅವನ ಸೋದರತ್ತೆ ಶಾಂತಾದೇವಿಯವರು ಮಾತ್ರ, ಶುಭಕಾರ್ಯದಾಗ ಇದೇನು ಹೊಸಾ ಪದ್ಧತಿ ಎಂದು ಮುಖ ಗಂಟಿಕ್ಕಿಕೊಂಡರು. ಮದುವೆಗೆ ಎರಡು ದಿನ ಮೊದಲು ಆಯಿ ನನ್ನನ್ನು ಪಕ್ಕಕ್ಕೆ ಕರೆದರು.

“ತಮ್ಮಾ, ನಂಗ ಬ್ಯಾರೆ ಫೋಟೋ ಏನೂ ಬ್ಯಾಡ. ನಾ ಒಗದ ಕಾಳು ನನ್ನ ಮೊಮ್ಮಗಳ ತಲಿ ಮ್ಯಾಲ ಬೀಳೂದು ಅದೊಂದು ತಗಿ. ಗ್ವಾಡಿಗೆ ಹಾಕ್ತೀನಿ. ಇಲ್ಲಂದ್ರ ಊರಾಗ ಯಾರೂ ನಂಬಂಗಿಲ್ಲ, ಒಂದಿನ ನನಗೂ ನಂಬಕಿ ಹೋಗ್ತದ.”

ಒಂದೊಂದು ಕಾಳೂ ಎಣಿಸುವಂತೆ ತೆಗೆಯುತ್ತೇನೆ ಎಂದು ನಾನು ಎದೆ ತಟ್ಟಿಕೊಂಡು ಮಾತು ಕೊಟ್ಟೆ.

ಮದುವೆಯ ದಿನ ಮಂಟಪದೊಳಗೆ ಕಾಲಿಟ್ಟಾಗ ಮಸ್ತಾನಸಾಬರ ಮಾತು ನಿಜವೆಂದು ತಿಳಿಯಿತು. ಹೊರಗೆ ಸುರಪುರದ ಬಿಸಿಲು ತಲೆ ಸುಡುತ್ತಿತ್ತು. ಒಳಗೆ ಎದುರು ನಿಂತವರು ಬೀಗರೋ ಅಡಿಗೆಯವರೋ ಗೊತ್ತಾಗುತ್ತಿರಲಿಲ್ಲ. ನಾನು ಹೆದರಲಿಲ್ಲ. ಕತ್ತಲಲ್ಲೂ ಕ್ಯಾಮೆರಾಕ್ಕೆ ಕಣ್ಣು ಬರಿಸುವ ಐಎಸ್ಒ ಎಂಬ ಅಂಕಿಯೊಂದಿದೆಯಲ್ಲ, ಅದನ್ನು ಇನ್ನು ಏರುವುದಿಲ್ಲ ಎಂದು ಕ್ಯಾಮೆರಾ ಕೈಮುಗಿಯುವ ತನಕ ಏರಿಸಿದೆ. ಮೊಬೈಲನ್ನು ಒಂದು ಕಂಬಕ್ಕೆ ಕಟ್ಟಿ ವಿಡಿಯೊ ಹಚ್ಚಿದೆ.

ಮುಹೂರ್ತದ ಹೊತ್ತಿಗೆ ಪರಿಮಳಾ ತಲೆ ಎತ್ತಿ ಆಯಿಯನ್ನು ಹುಡುಕಿದಳು. ಆಯಿ ಕಂಬದ ಮರೆಯಿಂದ ಹೊರಗೆ ಬಂದರು. ಸೆರಗನ್ನು ಬಿಗಿಯಾಗಿ ಎಳೆದುಕೊಂಡಿದ್ದರು. ಮುಷ್ಟಿಯಲ್ಲಿ ಕಾಳು ಹಿಡಿದು ಪರಿಮಳಾಳ ಎದುರು ಬಂದು ನಿಂತರು. ವಾಲಗದವರೂ ಏನೋ ತಿಳಿದವರಂತೆ ನಿಲ್ಲಿಸಿದರು. ಆಮೇಲೆ ಆ ಕೈ ಮೇಲೆದ್ದಿತು, ತೆರೆಯಿತು. ನಾನು ಒತ್ತಿದೆ. ಅದರ ಹಿಂದೆಯೇ ಬಸವಲಿಂಗ ತಾಳಿ ಕಟ್ಟಿದ, ಮಂಟಪದ ಇನ್ನೂರು ಜನ ಕಾಳು ಒಗೆದರು, ವಾಲಗ ಗಟ್ಟಿಯಾಯಿತು. ಕ್ಯಾಮೆರಾದ ಹಿಂದೆ ನನ್ನ ಕಣ್ಣು ಒದ್ದೆಯಾಗಿದ್ದು ಮಾತ್ರ ಯಾವ ಫೋಟೋದಲ್ಲೂ ಬಂದಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ತೆರೆದು ನೋಡುತ್ತೇನೆ, ಎಂಟುನೂರು ಫೋಟೋಗಳ ಮೇಲೂ ಯಾರೋ ರವೆ ಉದುರಿಸಿದ್ದಾರೆ! ಕೆಂಪು ರವೆ, ಹಸಿರು ರವೆ, ನೀಲಿ ರವೆ. ಬಸವೇಶ್ವರಿ ಹಿಂದೆ ಬಂದು ಇಣುಕಿ, “ಇದೇನ್ರಿ, ನನ್ನ ತಂಗಿ ಮಾರಿ ಮ್ಯಾಲ ಹೋಳಿ ಹುಣ್ಣಿವಿ ಮಾಡೀರಲ್ಲ?” ಎಂದಳು.

ಇದಕ್ಕೆ ನಾಯ್ಸ್ ಎನ್ನುತ್ತಾರೆ, ಬೆಳಕು ಕಡಿಮೆಯಿದ್ದಾಗ ಐಎಸ್ಒ ಏರಿಸಿದರೆ ಬರುತ್ತದೆ ಎಂದು ಮೊಬೈಲಿನ ಪಾಠಗಳಿಂದ ಕಲಿತೆ. ತೆಗೆಯುವುದೂ ಸುಲಭ. ತಿದ್ದುವ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿಯಿದೆ. ಎಡಕ್ಕಿದ್ದರೆ ರವೆ, ಬಲಕ್ಕೆ ಎಳೆದರೆ ಬೆಣ್ಣೆ. ಸ್ವಲ್ಪವೇ ಎಳೆಯಿರಿ ಎಂದು ಪಾಠದಲ್ಲಿ ಹೇಳಿದ್ದರು. ಸ್ವಲ್ಪ ಎಂಬ ಅಳತೆ ಗಣಿತದಲ್ಲಿ ಇಲ್ಲ. ನೂರಕ್ಕೆ ನೂರು ಎಳೆದೆ, ಎಂಟುನೂರಕ್ಕೂ ಒಂದೇ ಏಟಿಗೆ ಅನ್ವಯಿಸಿದೆ. ಲ್ಯಾಪ್‌ಟಾಪು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತ ಒಂದು ದಿನ ಪೂರ್ತಿ ಓಡಿತು.

ರವೆ ಹೋಯಿತು. ಆದರೆ ಮುಹೂರ್ತದ ಫೋಟೋಗಳಲ್ಲಿ ಕೆಲವು ಹಟಮಾರಿ ಕಲೆಗಳು ಹಾಗೇ ಉಳಿದಿದ್ದವು. ಮಬ್ಬು ಮಬ್ಬಾದ, ಹಳದಿ ಬಣ್ಣದ, ಉದ್ದುದ್ದ ಕಲೆಗಳು. ಪರಿಮಳಾಳ ತುರುಬಿನ ಸುತ್ತ, ಬಸವಲಿಂಗನ ರುಮಾಲಿನ ಮೇಲೆ, ಗಾಳಿಯಲ್ಲಿ, ಎಲ್ಲಿ ನೋಡಿದರಲ್ಲಿ! ಆಯಿಯ ಫೋಟೋದಲ್ಲಂತೂ ಅವು ಅವರ ಕೈಯಿಂದಲೇ ಹೊರಟಂತಿದ್ದವು. ನನ್ನ ಮೈಯೆಲ್ಲ ಉರಿಯಿತು. ಚಿತ್ರವನ್ನು ಪರದೆಯ ಮೇಲೆ ಎಂಟು ಪಟ್ಟು ಹಿಗ್ಗಿಸಿ, ಕಲೆ ಅಳಿಸುವ ಬ್ರಷ್ ಹಿಡಿದು ಕುಳಿತೆ. ನಾಲ್ಕು ದಿನ. ಶಾಲೆಯಿಂದ ಬಂದವನು ಅಂಗಿ ಕಳೆಯದೆ ಕೂರುತ್ತಿದ್ದೆ. ಬಸವೇಶ್ವರಿ ಎರಡು ಸಲ ಊಟಕ್ಕೆ ಕರೆದು ಮೂರನೆಯ ಸಲ ತಟ್ಟೆಯನ್ನು ಮುಚ್ಚಿಟ್ಟು ಹೋಗುತ್ತಿದ್ದಳು. ಒಂದೊಂದಾಗಿ, ಬೇರು ಸಹಿತ, ವಂಶವೇ ನಾಶವಾಗುವಂತೆ ಅಳಿಸಿದೆ.

ವಿಡಿಯೊಗೆ ಬೇರೆ ಉಪಾಯ ಸಿಕ್ಕಿತು. ವಿಡಿಯೊ ಎಂದರೆ ಒಂದರ ಹಿಂದೊಂದು ಓಡುವ ಚಿತ್ರಗಳು ತಾನೆ? ಒಂದು ಚಿತ್ರದಲ್ಲಿ ಕಂಡು ಮರುಚಿತ್ರದಲ್ಲಿ ಆ ಜಾಗದಲ್ಲಿ ಕಾಣದಿದ್ದದ್ದೆಲ್ಲ ನಾಯ್ಸ್ ಎಂದು ಸಾಫ್ಟ್‌ವೇರು ಲೆಕ್ಕ ಹಾಕಿ ತೆಗೆದುಬಿಡುತ್ತದೆ. ಎಂಥ ಸುಂದರ ತರ್ಕ! ಸಜ್ಜನರು ನಿಂತಲ್ಲಿ ನಿಂತಿರುತ್ತಾರೆ, ಕಿಡಿಗೇಡಿಗಳು ಓಡಾಡುತ್ತಾರೆ. ಅಲ್ಲೂ ಗುಂಡಿಯನ್ನು ಕೊನೆಯತನಕ ಎಳೆದೆ. ಮೊಬೈಲಿನಲ್ಲಿ ಜಾಗವಿಲ್ಲವೆಂದು ಹಳೆಯ ಹೊಲಸು ವಿಡಿಯೊವನ್ನು ಅಳಿಸಿಯೂಬಿಟ್ಟೆ.

ಭಾನುವಾರ ಬೆಳಿಗ್ಗೆ ಗೋಗಿಯಲ್ಲಿ, ಮಾವನವರ ಮನೆಯಲ್ಲಿ, ಟಿವಿಗೆ ಲ್ಯಾಪ್‌ಟಾಪು ಜೋಡಿಸಿ ಮೊದಲ ಪ್ರದರ್ಶನ ಇಟ್ಟುಕೊಂಡೆ. ಹೊಸ ದಂಪತಿ ಬಂದಿದ್ದರು, ಜೊತೆಗೆ ಶಾಂತಾದೇವಿಯವರು ಬಂದಿದ್ದರು, ಓಣಿಯ ಹೆಂಗಸರು ತುಂಬಿದ್ದರು. ಆಯಿ ಎಲ್ಲರಿಗಿಂತ ಮುಂದೆ, ಟಿವಿಯಿಂದ ಒಂದು ಮೊಳ ದೂರ. ನಾನು ಸಣ್ಣ ಭಾಷಣ ಮಾಡಿ ಶುರು ಮಾಡಿದೆ.

ಮೊದಲ ಫೋಟೋಗಳಿಗೇ ಜನ ಕಣ್ಣು ಕಿರಿದು ಮಾಡಿ, ಯಾರು ಯಾರೆಂದು ಹುಡುಕತೊಡಗಿದರು. ಮಾವನವರ ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ, ಮೀಸೆಯೂ ಅರ್ಧ ಕರಗಿತ್ತು. ಅತ್ತೆಯವರ ಇಳಕಲ್ ಸೀರೆ ಪ್ಲಾಸ್ಟಿಕ್ ಹಾಳೆಯಾಗಿತ್ತು. ಎಲ್ಲರೂ ಮೇಣದ ಗೊಂಬೆಗಳು. ಚೊಕ್ಕಟ ಅಂದರೆ ಇದು ಎಂದು ನಾನೇ ಹೇಳಿಕೊಂಡು ಮುಂದಕ್ಕೆ ಹೋದೆ. ಮುಹೂರ್ತದ ವಿಡಿಯೊ ಬಂತು. ಇನ್ನೂರು ಜನ ಒಮ್ಮೆಲೇ ಎದ್ದು, ಖಾಲಿ ಕೈಗಳನ್ನು ತಲೆಯ ಮೇಲೆತ್ತಿ ಬೀಸಿದರು, ಮತ್ತೆ ಬೀಸಿದರು, ಕುಳಿತರು. ಓಣಿಯ ಒಬ್ಬಾಕೆ ಗಾಬರಿಯಾಗಿ, ಮಂಟಪದಲ್ಲಿ ಜೇನು ಎದ್ದಿದ್ದವೇ ಎಂದು ಕೇಳಿದಳು.

ಆಮೇಲೆ ಆಯಿಯ ಫೋಟೋ ಬಂತು. ಆಯಿ ನಿಂತಿದ್ದಾರೆ, ಕೈ ಚಾಚಿದ್ದಾರೆ, ಅಂಗೈ ತೆರೆದಿದೆ. ಅದರಲ್ಲಿ ಏನೂ ಇಲ್ಲ. ಪರಿಮಳಾಳ ತಲೆಯ ಮೇಲೆ ಏನೂ ಇಲ್ಲ. ನಡುವೆ ಕನ್ನಡಿಯಂಥ ಗಾಳಿ.

ಆಯಿ ಎದ್ದು ಹೋಗಿ ಟಿವಿಯ ಗಾಜಿನ ಮೇಲೆ ಬೆರಳಾಡಿಸಿದರು. “ನಾ ಒಗದ ಕಾಳು ಎಲ್ಲಿ, ತಮ್ಮಾ?”

ಶಾಂತಾದೇವಿಯವರು ಮೆಲ್ಲಗೆ, ತಮಗೆ ತಾವೇ ಎಂಬಂತೆ, ಆ ಕಾಳು ದೇವರಿಗೆ ಮುಟ್ಟಿಲ್ಲ, ತಾನು ಅವತ್ತೇ ಹೇಳಿದ್ದೆ ಎಂದರು. ಪರಿಮಳಾಳ ಮುಖ ಬಾಡಿತು. ಆಯಿ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು.

“ಹೋಗ್ಲಿ ಬಿಡು. ಕೈ ನಡಗಿತ್ತು. ಬಿದ್ದಿರಲಿಕ್ಕಿಲ್ಲ.”

ಬಸವೇಶ್ವರಿ ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು. “ನಾಕು ದಿನ ಕುಂತು ಅಳಿಸಿದ್ದು ಏನ್ರಿ ನೀವು?”

“ಹಳದಿ ಕಲಿ.”

“ಅರಿಷಿಣ ಹಚ್ಚಿದ ಅಕ್ಕಿ ಏನ್ ಬಣ್ಣ ಇರ್ತದ್ರಿ?”

ಭೂಮಿ ಬಾಯಿಬಿಟ್ಟರೆ ಲ್ಯಾಪ್‌ಟಾಪು ಸಮೇತ ಇಳಿದುಬಿಡುತ್ತಿದ್ದೆ. ಆದರೆ ಆಯಿಯ ಆ ಕೈ ನೋಡುತ್ತ ಸುಮ್ಮನಿರಲು ಆಗಲಿಲ್ಲ. ಎಲ್ಲರ ಎದುರಿಗೇ ತಪ್ಪೊಪ್ಪಿಕೊಂಡೆ: ಕಾಳು ಬಿದ್ದಿದ್ದವು, ಚೆನ್ನಾಗಿಯೇ ಬಿದ್ದಿದ್ದವು, ಅವನ್ನು ಕಲೆ ಎಂದು ತಿಳಿದು ನಾನೇ ನಾಲ್ಕು ದಿನ ಕುಳಿತು ಅಳಿಸಿದ್ದೇನೆ.

ಆಯಿ ನಂಬಲಿಲ್ಲ! ನನ್ನ ಬೆನ್ನು ಸವರಿ, “ಸುಳ್ಳ ಹೇಳಿ ಸಮಾಧಾನ ಮಾಡಬ್ಯಾಡ ತಮ್ಮಾ. ಶಾಣ್ಯಾ ಮನಷ್ಯಾ ನೀ, ಹೈಸ್ಕೂಲ್ ಮಾಸ್ತರ. ಮದಿವಿ ಕಾಳು ಯಾರರ ಅಳಸ್ತಾರೇನ?” ಎಂದರು. ಓಣಿಯ ಹೆಂಗಸರೂ, ಪಾಪ, ಅಳಿಯ ಒಳ್ಳೆಯವನು, ಮುದುಕಿಯ ಸಲುವಾಗಿ ತಪ್ಪು ಮೈಮೇಲೆ ಹಾಕಿಕೊಂಡ ಎಂದು ಮೆಚ್ಚಿಕೊಂಡರು. ಜೀವಮಾನವಿಡೀ ಜಾಣನೆಂದು ಸಾಬೀತು ಮಾಡಲು ಹೆಣಗಿದವನು ಈಗ ದಡ್ಡನೆಂದು ಸಾಬೀತು ಮಾಡಬೇಕಾಗಿತ್ತು, ಅದಕ್ಕೆ ಪುರಾವೆಯೇ ಇರಲಿಲ್ಲ. ಪುರಾವೆಯನ್ನೆಲ್ಲ ನಾನೇ ಅಳಿಸಿದ್ದೆ. ಲ್ಯಾಪ್‌ಟಾಪಿನಲ್ಲಿ ಹಿಂದಕ್ಕೆ ಹೋಗುವ ಕೀಲಿ ಒತ್ತಿದೆ, ಹಿಂದಿನದೇನೂ ನೆನಪಿಲ್ಲವೆಂದಿತು. ವಿಡಿಯೊ ಸತ್ತೇ ಹೋಗಿತ್ತು. ಉಳಿದದ್ದು ಒಂದೇ ದಾರಿ.

ನಾನು, ಬಸವೇಶ್ವರಿ, ಮಡಿಲಲ್ಲಿ ಲ್ಯಾಪ್‌ಟಾಪು. ಆಟೊ ಹತ್ತುವ ಹೊತ್ತಿಗೆ ಆಯಿಯೂ ಬಂದು ಕುಳಿತರು. ಆ ಆಟೊದಲ್ಲಿ ನಮ್ಮನ್ನು ಬಿಟ್ಟು ಹತ್ತು ಜನ. ಶಹಾಪುರ ಮುಟ್ಟುವುದರೊಳಗೆ ಹತ್ತೂ ಜನರಿಗೆ ನನ್ನ ಕಥೆ ಗೊತ್ತಾಗಿತ್ತು, ಇಬ್ಬರು ನಂಬಿದ್ದರು. ಆ ಇಬ್ಬರ ಮಕ್ಕಳು ನನ್ನ ಶಾಲೆಯಲ್ಲಿ ಓದುತ್ತಾರೆ.

ಮಸ್ತಾನಸಾಬರು ನಗಬಹುದೆಂದು ಸಿದ್ಧನಾಗಿ ಹೋಗಿದ್ದೆ. ಅವರು ನಗಲಿಲ್ಲ. ಆಯಿಗೆ ಕುರ್ಚಿ ಕೊಟ್ಟು, ಫೋಟೋ ನೋಡಿ, ಒಂದೇ ಮಾತು ಕೇಳಿದರು. “ರಾ ಫೈಲ್ ಅದಾವೇನ್ರಿ ಸರ್, ಇಲ್ಲಾ ಡಿಲೀಟ್ ಮಾಡೀರಿ?”

ಅವೇ ಫೈಲುಗಳನ್ನು ತಿದ್ದಿ ಹಾಳು ಮಾಡಿದ್ದೇನೆ ಎಂದೆ.

“ಹಾಳ ಮಾಡಾಕ ಬರಂಗಿಲ್ರಿ ಅದು. ಕ್ಯಾಮೆರಾ ಕಂಡದ್ದು ಕಂಡಂಗ ಒಳಗ ಇರ್ತದ. ನೀವು ತಿದ್ದಿದ್ದೆಲ್ಲ ಬಾಜೂಕ ಒಂದು ಚೀಟಿ ಮ್ಯಾಲ ಬರದಂಗ. ಚೀಟಿ ಹರದರ ಮುಗೀತು.”

ಅಂದರೆ ಇಷ್ಟು ದಿನ ನಾನು ಜಂಬ ಪಟ್ಟ ಆ ದೊಡ್ಡ ವಿಷಯ ಇಷ್ಟೇ! ಅವರು ಒಂದು ಕಡೆ ಒತ್ತಿದರು. ನನ್ನ ನಾಲ್ಕು ದಿನದ ತಪಸ್ಸು ಕಣ್ಣು ಮಿಟುಕಿಸುವುದರೊಳಗೆ ನೀರಾಯಿತು, ಪರದೆಯ ತುಂಬ ರವೆ ಚೆಲ್ಲಿಕೊಂಡಿತು. ಆ ರವೆಯ ನಡುವೆ, ಆಯಿಯ ಅಂಗೈಯಿಂದ ಪರಿಮಳಾಳ ತಲೆಯ ತನಕ, ಮಬ್ಬಾಗಿ, ಹಳದಿಯಾಗಿ, ಅಕ್ಕಿಕಾಳು! ಗಾಳಿಯಲ್ಲಿ ಒಂದು ಹಿಡಿ, ಹೆಗಲ ಮೇಲೆ ನಾಲ್ಕಾರು, ಬೈತಲೆಯ ಬದಿಗೆ ಕೂದಲಲ್ಲಿ ಸಿಕ್ಕಿಕೊಂಡ ಒಂದು. ಆ ಕ್ಷಣದಲ್ಲಿ ಬೇರೆ ಯಾರೂ ಇನ್ನೂ ಕಾಳು ಒಗೆದಿರಲಿಲ್ಲ. ಅಲ್ಲಿದ್ದದ್ದೆಲ್ಲ ಆಯಿಯದೇ.

ಆಯಿ ಬಹಳ ಹೊತ್ತು ನೋಡಿದರು. ಕೆಂಪು, ಹಸಿರು, ನೀಲಿ ರವೆಯನ್ನೂ ಬಿಡದೆ ಮೂಲೆಯಿಂದ ಮೂಲೆಗೆ ನೋಡಿದರು. “ಇಷ್ಟೆಲ್ಲಾ ನಾ ಒಗದೀನೇನ? ಒಂದ ಮುಷ್ಟಿ ಹಿಡದಿದ್ದೆ. ಮಂಟಪದ ತುಂಬ ಆಗ್ಯಾವಲ್ಲ.”

ಕಾಳು ಯಾವುದು, ನಾಯ್ಸ್ ಯಾವುದು ಎಂದು ವಿವರಿಸಲು ನಾನು ಬಾಯಿ ತೆರೆದೆ. ಬಸವೇಶ್ವರಿ ನನ್ನ ಕಾಲು ತುಳಿದಳು. ಮಸ್ತಾನಸಾಬರು, ಸ್ವಲ್ಪ ಮೆತ್ತಗೆ ಚೊಕ್ಕ ಮಾಡಿ ಕೊಡಲೇ ಎಂದು ಆಯಿಯನ್ನೇ ಕೇಳಿದರು.

“ಒಂದೂ ತಗೀಬ್ಯಾಡ್ರಿ ಸಾಬ್ರ,” ಎಂದರು ಆಯಿ. ಆಮೇಲೆ ನನ್ನ ಕಡೆ ತಿರುಗಿ, “ಖರೇನ ನೀನ ಅಳಿಸಿದ್ದೇನ?” ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಮೊದಲ ಸಲ ನಂಬಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. ಜೀವನದಲ್ಲಿ ಮೊದಲ ಬಾರಿಗೆ ಒಂದು ವಸ್ತುವನ್ನು ನಾನು ಹೊಲಸಾಗಿಯೇ ಬಿಟ್ಟು ಎದ್ದೆ, ಹಗುರಾಗಿ ಉಸಿರಾಡಿದೆ.

ರವೆಯೆಲ್ಲ ಹಾಗೇ ಇದ್ದ ಆ ಫೋಟೋವನ್ನು ಮಸ್ತಾನಸಾಬರು ದೊಡ್ಡದಾಗಿ ಪ್ರಿಂಟ್ ತೆಗೆದು ಕಟ್ಟು ಹಾಕಿಕೊಟ್ಟರು. ಗೋಗಿಯ ಪಡಸಾಲೆಯಲ್ಲಿ ಅದು ತೂಗಿತು. ಓಣಿಯ ಹೆಂಗಸರು ಬಂದು ನೋಡಿದರು, ಬೇರೆ ಓಣಿಯವರೂ ಬಂದರು. ಪರಿಮಳಾಳ ಜೊತೆ ಬಂದ ಶಾಂತಾದೇವಿಯವರೂ ಅದರ ಮುಂದೆ ನಿಂತರು. ಊಟಕ್ಕೆ ಕರೆದರೂ ಅಲ್ಲಿಂದ ಕದಲಲಿಲ್ಲ. ಅವರ ಗಂಡ ತೀರಿ ಒಂಬತ್ತು ವರ್ಷವಾಯಿತು, ಮುಂದಿನ ತಿಂಗಳು ಅವರ ಒಬ್ಬನೇ ಮಗನ ಮದುವೆ ಎಂದು ನನಗೆ ಪರಿಮಳಾ ಹೇಳಿದ್ದು ಆವಾಗ.

ಆ ಮದುವೆಯೂ ಸುರಪುರದ ಅದೇ ಕತ್ತಲ ಮಂಟಪದಲ್ಲೇ ಆಯಿತು. ಮಸ್ತಾನಸಾಬರು ನಾಲ್ಕು ಲೈಟು ನಿಲ್ಲಿಸಿ ಮಂಟಪವನ್ನು ಹಾಡಹಗಲು ಮಾಡಿದ್ದರು. ನಾನೂ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಯಾರಾದರೂ ಒಂದು ಮಾತು ಕೇಳಿಯಾರು ಎಂದು ಸುತ್ತಾಡುತ್ತಿದ್ದೆ. ಯಾರೂ ಕೇಳಲಿಲ್ಲ. ಮುಹೂರ್ತದ ಹೊತ್ತಿಗೆ ಶಾಂತಾದೇವಿಯವರು ಎಲ್ಲೂ ಕಾಣಲಿಲ್ಲ. ಆಯಿಗೆ ಗೊತ್ತಿತ್ತು. ನೇರ ಕಂಬದ ಹಿಂದೆ ಹೋಗಿ, ಅವರ ಕೈ ಹಿಡಿದು ಮುಂದಕ್ಕೆ ಕರೆತಂದರು. “ಬಾ ತಂಗಿ. ಅಲ್ಲಿ ನಿಂತ್ರ ಫೋಟೋದಾಗ ಬರಂಗಿಲ್ಲ,” ಎಂದಷ್ಟೇ ಹೇಳಿದರು. ತಾಯಿಯ ಕಾಳು ಮಗನ ತಲೆಯ ಮೇಲೆ ಬಿತ್ತು. ಮಸ್ತಾನಸಾಬರ ಫ್ಲ್ಯಾಶು ಮಿಂಚಿತು.

ಇನ್ನು ಎಲ್ಲರೂ ಒಗೆಯುವ ಸರದಿ. ನಾನು ಅಭ್ಯಾಸಬಲದಿಂದ ಕ್ಯಾಮೆರಾ ಕಣ್ಣಿಗೇರಿಸಿದೆ. ಆಯಿ ಬಂದು ಅದನ್ನು ನನ್ನ ಕೊರಳಿಂದ ಬಿಡಿಸಿ ಬಸವೇಶ್ವರಿಯ ಕೈಗೆ ಕೊಟ್ಟರು. ತಟ್ಟೆಯಲ್ಲಿ ಉಳಿದಿದ್ದ ಅಕ್ಕಿಕಾಳನ್ನೆಲ್ಲ, ತುಳುಕಿ ನೆಲಕ್ಕೆ ಬೀಳುವ ತನಕ, ನನ್ನ ಬೊಗಸೆಗೆ ಸುರುವಿದರು.

“ಒಗಿ ತಮ್ಮಾ,” ಎಂದರು. “ನಾಕು ದಿನ ಕುಂತು ಆರಿಸಿ ತಗದಿಯಲ್ಲ, ಅಷ್ಟೂ ಇವತ್ತ ತುಂಬಿ ಕೊಡು.”